ಮೊಟ್ಟೆಯ ಕಟ್ಟು

ಆಮ್ಲೆಟ್‌ಗೆಂದು ಮೊಟ್ಟೆ ಒಡೆದರೆ ಇಂದಿಗೂ ನನ್ನ ಎಡಗಾಲಿನ ಬೆರಳುಗಳಿಗೆ ಕಚಗುಳಿಯಾಗುತ್ತದೆ.

ಚಿಕ್ಕವನಿದ್ದಾಗ ಬದನವಾಳಿನ ನಮ್ಮ ಹಿತ್ತಲಿನ ಹುಣಸೆಮರದಿಂದ ಬಿದ್ದು ಆ ಕಾಲು ಮುರಿದುಕೊಂಡಿದ್ದೆ. ನಾಟಿ ವೈದ್ಯರು ಉದ್ದಿನ ಹಿಟ್ಟಿಗೆ ಮೊಟ್ಟೆ ಕಲಸಿ ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ಬೆರಳುಗಳು ಮರಗಟ್ಟಿದ್ದವು, ಚಿವುಟಿದರೂ ತಿಳಿಯುತ್ತಿರಲಿಲ್ಲ. ಮೊಟ್ಟೆಯ ವಾಸನೆಗೆ ನಮ್ಮ ನಾಯಿಗಳು ಕರಿಯ, ಕೆಂಪಿ ಮಂಚ ಬಿಟ್ಟು ಕದಲುತ್ತಿರಲಿಲ್ಲ. ಅಜ್ಜಿ ಕೋಲು ಹಿಡಿದು ಕಾವಲು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ತೂಕಡಿಸಿದಳು. ನಾಯಿಗಳು ಕಟ್ಟು ನೆಕ್ಕುತ್ತಾ ನೆಕ್ಕುತ್ತಾ ಬೆರಳಿಗೆ ಬಂದವು. ನಾನು ಕಿಲಕಿಲ ನಕ್ಕೆ. ಎಚ್ಚೆತ್ತ ಅಜ್ಜಿ ಕೋಲೆತ್ತಿದಳು, ಅಲ್ಲಾಡುತ್ತಿದ್ದ ಬೆರಳು ಕಂಡು ಹಾಗೆಯೇ ಇಳಿಸಿದಳು.

"ನೆಕ್ಲಿ ಬುಡ್ಲಾ."

ಮುಂದಿನ ಸಲ ಕಟ್ಟು ಬದಲಿಸುವಾಗ ವೈದ್ಯರ ಕೈಗೆ ಇನ್ನೊಂದು ಮೊಟ್ಟೆ ಇಟ್ಟಳು.

"ಇದ್ನ ಬೆರಳ್ ತಾವ ಮೆತ್ತಪ್ಪ, ನಾಯ್ಗೊಳ್ಗೆ."