ಮೂರನೆಯ ಗುಡ್ಡೆ

ಚಳಿ ಹಿಂದೆಗೆಯುತ್ತಿದ್ದ ಒಂದು ಮುಂಜಾನೆ, ಗಂಡನ ಕೋಣೆಯಿಂದ ಮೈದುನನ ಪಿಸುಮಾತು ಅವಳ ಕಿವಿಗೆ ಬಿತ್ತು. "ಅತ್ತಿಗೆ ಸಭೆಗೆ ಹೋಗೋಕೆ ಮುಂಚೆ ಇದನ್ನ ಮುಗಿಸಿಬಿಡಣ್ಣ." ಇವಳ ಕಾಲಸಪ್ಪಳಕ್ಕೆ ಮಾತು ನಿಂತಿತು. ಅಂದೇ ಮನಸ್ಸಿಗೆ ಹುಳ ಹೊಕ್ಕಿತು.

ಮೂವರೂ ಒಂದೇ ಕಚೇರಿಯವರು. ಉಪಗ್ರಹ ಕಂಡ ಗಾಮಾ ಕಿರಣ ಸ್ಫೋಟಗಳನ್ನು ಸಂಖ್ಯಾಶಾಸ್ತ್ರದ ಜರಡಿ ಹಿಡಿದು, ಕಾಳು ಆರಿಸಿದಂತೆ ಬೇರೆ ಮಾಡುವುದು ಅವರ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಆರುವವು ಒಂದು ಗುಡ್ಡೆ. ತಡವಾಗಿ ಆರುವವು ಇನ್ನೊಂದು. ಗುಡ್ಡೆ ಎರಡೇ ಎಂದು ಲೆಕ್ಕ ಹಾಕಿ ತೋರಿಸಿಯೇ ಗಂಡ ದೊಡ್ಡವನಾಗಿದ್ದ. ವರ್ಷಾನುಗಟ್ಟಲೆ ಅವನ ನೆರಳಲ್ಲೇ ಆರಿಸಿದವಳಿಗೆ ಈ ಸಲ ನಡುವೆ ಮೂರನೆಯದೊಂದು ಸಿಕ್ಕಿತ್ತು. ಶನಿವಾರದ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ತಾನೇ ನಿಂತು ಹೇಳಬೇಕು. ಮೊದಲ ಸಲ.

ಗಂಡ ಮುಖ ಸಿಂಡರಿಸಲಿಲ್ಲ. "ನನ್ನ ದೋಣೀನೇ ಮುಳುಗಿಸ್ತೀಯಲ್ಲೇ," ಎಂದು ನಕ್ಕ.

ಅವರಲ್ಲೊಂದು ಪದ್ಧತಿಯಿತ್ತು. ಉಳಿದವರ ಕಣ್ಣು ಚುರುಕಾಗಿದೆಯೇ ಎಂದು ನೋಡಲು ಗಂಡ ಆಗಾಗ ಕೈಯಾರೆ ಮಾಡಿದ ಸುಳ್ಳು ಸ್ಫೋಟಗಳನ್ನು ನಿಜವಾದವುಗಳ ನಡುವೆ ಬೆರೆಸುತ್ತಿದ್ದ. ಗುರುತು ಹಿಡಿದವರು ಬೇರೆಯವರೆದುರು ತುಟಿ ಪಿಟಕ್ಕೆನ್ನುವಂತಿಲ್ಲ. ಸಭೆಗೆ ಮುಂಚೆ ಬೆರೆಸಿದವನೇ ತೆಗೆಯಬೇಕು.

"ಎಲ್ಲಾ ತೆಗೆದಾಯ್ತು. ಧೈರ್ಯವಾಗಿ ಮಾತಾಡು," ಎಂದು ಈ ಸಲವೂ ಗಂಡ ಹೇಳಿದ್ದ.

ಗುರುವಾರ ಮೂವರೂ ಊಟಕ್ಕೆ ಕೂತಿದ್ದಾಗ ಮೈದುನ ತಟ್ಟೆ ಸರಿಸಿದ.

"ಅತ್ತಿಗೆ, ಶನಿವಾರ ನೀವು ಮಾತಾಡಬೇಡಿ."

"ಯಾಕಪ್ಪಾ, ನೀನು ಮಾತಾಡ್ತೀಯಾ?"

"ಅಣ್ಣನ್ನ ಕೇಳಿ. ನಾನು ಹೇಳೋ ಹಾಗಿಲ್ಲ."

"ಅವರೇನು ಹೇಳ್ತಾರೆ? ಬಾಗಿಲು ಹಾಕ್ಕೊಂಡು ಕಿವಿ ಕಚ್ಚಿದೋನು ನೀನು. ಹೊಟ್ಟೇಲಿ ಹುಟ್ಟಿದವನ ಹಾಗೆ ನೋಡ್ಕೊಂಡೆ. ಉಂಡ ಮನೆಯ ಜಂತೆ ಎಣಿಸೋದು ಎಲ್ಲಿ ಕಲಿತೆ?"

ಮೈದುನ ಅಣ್ಣನ ಮುಖವನ್ನೇ ನೋಡಿದ. ನೋಡುತ್ತಲೇ ಇದ್ದ.

"ಉಪ್ಪು ಕೊಡು ಇಲ್ಲಿ," ಎಂದ ಅಣ್ಣ.

ಮರುದಿನ ಬೆಳಿಗ್ಗೆ ಮೈದುನ ಬಟ್ಟೆಬರೆ ಕಟ್ಟಿಕೊಂಡು ಹೊರಟ. ಇವಳು ಬಾಗಿಲಿಗೂ ಬರಲಿಲ್ಲ.

ಶನಿವಾರ ಅವಳು ಮಾತು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಜನರ ನಡುವೆ ಮೈದುನ ಎಲ್ಲಾದರೂ ಹೊಟ್ಟೆ ಉರಿದುಕೊಂಡು ಕೂತಿದ್ದಾನೆಯೇ ಎಂದು ಕಣ್ಣಾಡಿಸಿದಳು. ಇರಲಿಲ್ಲ. ಅಧ್ಯಕ್ಷರ ಕುರ್ಚಿಯಿಂದ ಗಂಡ ಎದ್ದು, ಅವಳ ಹೆಗಲ ಮೇಲೆ ಕೈಯಿಟ್ಟ.

"ಗುಡ್ಡೆ ಎರಡೇ," ಎಂದ ಮೆತ್ತಗೆ, ಸಭೆಯತ್ತ ತಿರುಗಿ. "ಮೂರನೆಯದು ನಾನೇ ಬೆರೆಸಿದ್ದು. ಗುರುತು ಹಿಡಿದವನು ನನ್ನ ತಮ್ಮ ಒಬ್ಬನೇ. ಅವನು ಶುಕ್ರವಾರ ಮನೆ ಬಿಟ್ಟು ಹೋದ."