ಅಡಿವೆಯ್ಯನವರ ಎದೆಬಡಿತ

ಕೊಂದವರು ಸತ್ತವರ ಮನೆಗೆ ಬಾಳೆಹಣ್ಣು ಹಿಡಿದು ಹೋಗುತ್ತಾರೆಯೇ? ತೇರಗಾಂವದಲ್ಲಿ ಬಸ್ಸಿಳಿದ ಶಿವಗಂಗಾಳಿಗೆ ಹಾಗನ್ನಿಸಿತು. ಹಣ್ಣಿನ ಚೀಲವನ್ನು ವೇಲಿನ ಮರೆಗೆ ಸರಿಸಿಕೊಂಡಳು.

ಅಡಿವೆಯ್ಯನವರು ತೀರಿಕೊಂಡು ವಾರವಾಗಿತ್ತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತವರು ಕೂತಲ್ಲೇ ಒರಗಿದ್ದರು. ಹೃದಯಾಘಾತ ಎಂದರು ಡಾಕ್ಟರು. ಊರು ಬೆಚ್ಚಿಬಿದ್ದಿತು. ಶಿವಗಂಗಾ ಬೆಚ್ಚಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

ಮೈ ಬಗ್ಗಿಸಿ ದುಡಿಯುವುದಕ್ಕೂ ಹೃದಯದ ಆರೋಗ್ಯಕ್ಕೂ ಏನು ನಂಟು ಎಂಬುದು ಅವಳ ಸಂಶೋಧನೆ. ಹಳಿಯಾಳದ ಸುತ್ತಿನ ಹಳ್ಳಿಗಳಲ್ಲಿ ಐವತ್ತು ದಾಟಿದ ಗಂಡಸರಿಗೆ ಅವಳು ಕೈಪಟ್ಟಿ ಹಂಚಿದ್ದಳು. ನೋಡಲು ಗಡಿಯಾರದಂತಿದ್ದ ಅದು ಓಡಾಟವನ್ನೂ ಎದೆಬಡಿತವನ್ನೂ ಹಿಡಿದು ಅವಳ ಕಂಪ್ಯೂಟರಿಗೆ ಕಳಿಸುತ್ತಿತ್ತು. ಹೆಂಗಸರು ಬೇಡ, ಹೃದಯದ ಕಾಯಿಲೆ ಗಂಡಸರದ್ದು ಎಂದು ಯೋಜನೆಯ ಮೇಲಿನವರು ಹೇಳಿದ್ದರು. ಅವಳು ತಲೆಯಾಡಿಸಿದ್ದಳು. ಎದುರು ಮಾತಾಡುವುದು ಅವಳಿಂದ ಆಗದ ಕೆಲಸ.

ಎಲ್ಲರಿಗಿಂತ ಅಡಿವೆಯ್ಯನವರ ಲೆಕ್ಕ ಅವಳಿಗೆ ಅಚ್ಚುಮೆಚ್ಚು. ಕೋಳಿ ಕೂಗುವ ಮೊದಲು ಶುರುವಾದ ಓಡಾಟ ಊರು ಮಲಗಿದ ಮೇಲೆಯೇ ನಿಲ್ಲುತ್ತಿತ್ತು. ದುಡಿಯುವವರ ಎದೆ ಗಟ್ಟಿ ಎನ್ನಲು ಇದಕ್ಕಿಂತ ಪುರಾವೆ ಬೇಕೇ? ಹಾಗಿರುವಾಗ ಒಂದು ದಿನ ಆ ಎದೆ ಲಯ ತಪ್ಪಿತು. ಬಡಿದು, ತಡವರಿಸಿ, ಆಮೇಲೆ ಹುಚ್ಚು ಓಟ. ಮರುದಿನವೂ ಹಾಗೇ. ಫೋನು ಮಾಡಬೇಕಿತ್ತು. ಹಿರಿಯರಿಗೆ ಏನೆಂದು ಹೇಳುವುದು, ಹೇಗೆ ಶುರು ಮಾಡುವುದು ಎಂದು ಒಳಗೊಳಗೇ ಮಾತು ಜೋಡಿಸುತ್ತ ಕೂತಳು. ಪಟ್ಟಿ ಸಡಿಲಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಾವಿನ ಸುದ್ದಿ ಬಂದ ಮೇಲಂತೂ ಕಂಪ್ಯೂಟರಿನಲ್ಲಿ ಆ ಹೆಸರಿನ ಲೆಕ್ಕ ತೆರೆದು ನೋಡುವ ಧೈರ್ಯವೇ ಆಗಲಿಲ್ಲ.

ಪಕ್ಕದ ಮನೆಯ ಗೂಳಪ್ಪ ಅವಳನ್ನು ಗುರುತು ಹಿಡಿದ. "ಗಡಿಯಾರದ ಬಾಯಾರಲ್ಲೇನ್ರಿ? ತಡಾ ಮಾಡಿದ್ರಲ್ರಿ. ಅಯ್ಯಾರು ಹೋಗೇಬಿಟ್ರು."

ತಡ ಎಂಬ ಮಾತು ಮುಳ್ಳಿನಂತೆ ನೆಟ್ಟಿತು. "ಅಷ್ಟು ದುಡಿಯೋ ಮನುಷ್ಯಾರು..." ಎಂದು ತೊದಲಿದಳು.

"ಯಾರು, ಅಯ್ಯಾರ?" ಗೂಳಪ್ಪನ ಮೀಸೆ ಅಲುಗಿತು. "ಹೋಗ್ಲಿ ಬಿಡ್ರಿ, ಸತ್ತವರ ಮ್ಯಾಲೆ ಮಾತಾಡಬಾರದು. ಅಮ್ಮಾರು ಒಳಗ ಅದಾರ, ಹೋಗ್ರಿ."

ಅಡಿವೆಯ್ಯನವರ ಹೆಂಡತಿ ಮುದಕವ್ವ ಹಿತ್ತಲಲ್ಲಿ ದನಕ್ಕೆ ಮೇವು ಹಾಕಿ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತು, ಏದುಸಿರು ತಹಬಂದಿಗೆ ತಂದುಕೊಂಡು, "ಬಾರವಾ ತಂಗಿ, ಕುಂದರು" ಎಂದರು. ಮುಖ ಬಿಳಚಿತ್ತು, ಪಾದ ಬಾತಿತ್ತು. ಗಂಡನ ಸಾವು ಹೆಂಗಸನ್ನು ಎಷ್ಟು ಬೇಗ ತಿಂದುಹಾಕುತ್ತದೆ! ಇದೂ ನನ್ನ ಲೆಕ್ಕಕ್ಕೇ ಎಂದುಕೊಂಡಳು ಶಿವಗಂಗಾ.

"ಅಮ್ಮಾರ, ನನ್ನ ಕಡಿಂದ ದೊಡ್ಡ ತಪ್ಪಾಗೇತ್ರಿ. ಅಯ್ಯಾರ ಎದಿ ಬಡಿತ ಕೆಟ್ಟೈತಿ ಅಂತ ನನಗ ಮೊದಲ ಗೊತ್ತಿತ್ರಿ. ಬಾಯಿ ಬಿಡಲಿಲ್ಲ. ಹೇಳಿದ್ರ ದವಾಖಾನಿಗೆ ಹೋಗ್ತಿದ್ರು. ಉಳೀತಿದ್ರು."

ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ. ತಲೆಯೆತ್ತಿದರೆ, ಮುದಕವ್ವನವರೇ ತಪ್ಪಿತಸ್ಥರ ಹಾಗೆ ನೆಲ ನೋಡುತ್ತಿದ್ದರು.

"ನೀ ಅಳಬ್ಯಾಡವಾ. ಸುಳ್ಳು ಹೇಳಿದವರು ನಾವು. ಅವರಿಗೆ ಕುಂತ ಕಟ್ಟಿ ಬಿಟ್ಟು ಏಳೂದಂದ್ರ ಬ್ಯಾಸರ. 'ದಿನಾ ಕುಂತೇ ಇರ್ತೇನಿ ಅಂತ ಆ ಹುಡುಗಿಗೆ ಗೊತ್ತಾದ್ರ ನನ್ನ ಮರ್ಯಾದಿ ಏನಾತು?' ಅಂದ್ರು. ನೀ ಕೊಟ್ಟ ದಿನಾನ ಪಟ್ಟಿ ಬಿಚ್ಚಿಬಿಟ್ರು."

"ಬಿಚ್ಚಿ?"

"'ನಿನ್ನ ಕೈಬಳಿ ಹಿಂದ ಯಾರಿಗೆ ಕಾಣತೈತಿ' ಅಂದ್ರು." ಮುದಕವ್ವ ಸೆರಗಿನಡಿಯಿಂದ ಎಡಗೈ ಹೊರತೆಗೆದರು. ಬಳೆ ತೆಗೆಸಿದ ಆ ಬರಿಗೈಯ ಮೇಲೆ ಕರಿ ಪಟ್ಟಿಯೊಂದೇ ಉಳಿದಿತ್ತು. "ಅವತ್ತಿಂದ ನಾನ ಕಟಗೊಂಡೇನಿ. ನಿನ್ನ ಸಾಮಾನು, ನಿನ್ನ ಕೇಳದ ಹೆಂಗ ಬಿಚ್ಚಲಿ ಅಂತ ಹಂಗ ಇಟ್ಟೇನಿ. ತಡಿ, ಬಿಸಿಲಾಗ ಬಂದಿ, ಚಾ ಮಾಡ್ತೇನಿ."

ಲಯ ತಪ್ಪಿದ ಆ ಎದೆ, ಇನ್ನೂ ಬಡಿಯುತ್ತ, ಗೋಡೆ ಹಿಡಿದು ಅಡುಗೆಮನೆಯ ಕಡೆ ಹೊರಟಿತ್ತು.