ಬಿಡುಗಡೆಗೆ ಅಡ್ಡಿ

ಬಿಡುವಿನ ವೇಳೆಯಲ್ಲಿ ಗೆಳೆಯರೊಂದಿಗೆ ಕಟ್ಟಿದ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಹಂಚಲು ಇಂದುಧರ ಮೂರು ಸಲ ದಿನ ಗೊತ್ತುಮಾಡಿ ಅಂತರ್ಜಾಲದಲ್ಲಿ ಪ್ರಕಟಿಸಿದ್ದ. ಮೂರು ಸಲವೂ ಧಾರವಾಡದಿಂದ ಚಂದ್ರಮತಿ ಎಂಬ ನಿವೃತ್ತ ಕರಡು ತಿದ್ದುಗಾರರ ಇಮೇಲ್ ಬಂದು ಬಿಡುಗಡೆ ನಿಂತುಹೋಯಿತು. ಅದರ ತುಂಬ ದೋಷಗಳ ಪಟ್ಟಿ. ವಿಚಿತ್ರವೆಂದರೆ ಅವುಗಳಲ್ಲಿ ಒಂದೂ ಅವನ ಕಂಪ್ಯೂಟರಿನಲ್ಲಿ ಕಾಣಿಸುತ್ತಿರಲಿಲ್ಲ. ಹುಡುಕಿ ಹುಡುಕಿ ಬೇಸತ್ತು ಇಬ್ಬರು ಗೆಳೆಯರು ಕೈಬಿಟ್ಟರು. ಕೊನೆಗೆ ಅವನು ಬಸ್ಸು ಹತ್ತಿ ಚಂದ್ರಮತಿಯವರ ಮನೆಗೇ ಹೋದ.

"ಅಮ್ಮಾ, ಆ ತಪ್ಪುಗಳನ್ನ ಒಂದ್ಸಲ ಕಣ್ಣಾರೆ ತೋರಿಸಿಬಿಡಿ."

"ಅದಕ್ಕೇನ್ರಿ, ಬರ್ರಿ," ಎಂದು ಅವರು ಕಂಪ್ಯೂಟರ್ ಮುಂದೆ ಕೂತು 'ವಿಜ್ಞಾನ' ಎಂದು ಟೈಪಿಸಿದರು. ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬಿತ್ತು.

"ಸಿಕ್ತು!" ಇಂದುಧರನಿಗೆ ಕುಣಿಯುವಷ್ಟು ಖುಷಿಯಾಯಿತು. "ಪರೀಕ್ಷೆಗೆ ಅಂತ ಕೆಲವರಿಗೆ ಕೊಟ್ಟಿದ್ವಲ್ಲ, ಇದು ಅದರಲ್ಲಿ ಯಾವ ವರ್ಷನ್ನಮ್ಮಾ?"

"ಇದು ನಿಮ್ಮದಲ್ರೀ, ಬ್ಯಾರೆ ಕಂಪನೀದು. ಇಂಥಾ ತಪ್ಪು ನಿಮ್ಮದರಾಗೂ ಬರಬಾರದಂತ ಬರೀತಿದ್ದೆ," ಎಂದರು ಚಂದ್ರಮತಿ. "ನಿಮ್ಮದನ್ನ ಹಾಕ್ಕೋಬೇಕಂದ್ರ ನೀವು ಬಿಡುಗಡೆನಽ ಮಾಡವಲ್ರಿ!"